ಮುಖಕ್ಷೌರವಿಲ್ಲ: ನಾನು ಬರೆದ ಮೂರು ಷರಾ

೧೯೪೧ನೆಯ ಇಸವಿ. ನನಗೆ ಆಗ ಇಪ್ಪತ್ತೊಂಬತ್ತು ವರ್ಷ. ಹಳೇಕೋಟೆ ಹೋಬಳಿಯ ಒಂದು ಊರಿನ ಪ್ರಾಥಮಿಕ ಶಾಲೆಗೆ ಮುಖ್ಯೋಪಾಧ್ಯಾಯನಾಗಿದ್ದೆ. ಊರಿನ ಹೆಸರನ್ನು ಬರೆಯುವುದಿಲ್ಲ. ಬರೆದರೆ ಆ ಊರೊಂದೇ ಹಾಗಿತ್ತೆಂದು ಉಳಿದ ಊರುಗಳವರು ನೆಮ್ಮದಿಯಾಗಿ ಓದಿಕೊಳ್ಳುತ್ತಾರೆ.

ನೌಕರಿಯನ್ನು ಬಿಟ್ಟು, ಚನ್ನರಾಯಪಟ್ಟಣದಲ್ಲಿ ನಮ್ಮ ತಂದೆಯವರ ಕೊಬ್ಬರಿ ಮಂಡಿಯನ್ನು ನೋಡಿಕೊಳ್ಳತೊಡಗಿ ನನಗೆ ಬಹಳ ವರ್ಷಗಳಾದವು. ಇದನ್ನು ಬರೆಯಬೇಕೆಂಬ ಉದ್ದೇಶವೂ ಇರಲಿಲ್ಲ. ಆದರೆ ಕಳೆದ ತಿಂಗಳು ಒಂದು ಮದುವೆಮನೆಯಲ್ಲಿ ಎಲೆಯ ಮುಂದೆ ಕುಳಿತಿದ್ದಾಗ, ಪರಿಚಿತರೊಬ್ಬರು ಬೀಗರ ಕಡೆಯವರಿಗೆ ನನ್ನನ್ನು ತೋರಿಸಿ, “ಇವ್ರೇ ಕಣ್ರೀ ಆ ಗಡ್ಡದ ಮೇಷ್ಟ್ರು. ಯಾವನೋ ಒಬ್ಬ ಬಡಪಾಯಿಗೋಸ್ಕರ ಊರನ್ನೇ ಎದುರು ಹಾಕ್ಕಂಡಿದ್ರು” ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕು ತಲೆದೂಗಿದರು. ನಾನು ಪಾಯಸ ಬರುವ ಮೊದಲೇ ಎದ್ದುಬಿಟ್ಟೆ. ನನ್ನ ಜೊತೆಯ ಆ ಉಪಾಧ್ಯಾಯರು ಬಡಪಾಯಿಯಾಗಿರಲಿಲ್ಲ. ಅವರನ್ನು ಮೊದಲು ಎದುರು ಹಾಕಿಕೊಂಡವನು ಊರಿನವನಲ್ಲ, ನಾನು. ಇದನ್ನು ಅನುಕ್ರಮವಾಗಿ ಬರೆದಿಡುತ್ತೇನೆ, ಇನ್ನು ಮುಂದೆ ಯಾರಾದರೂ ಆ ಕಥೆಯನ್ನು ಹೇಳುವಾಗ ಸರಿಯಾಗಿ ಹೇಳಲಿ ಎಂಬ ಕೋಪದಿಂದಲೇ ಕುಳಿತಿದ್ದೇನೆ.

ಶುಚಿಯಾಗಿರುವುದಕ್ಕೆ ಹಣ ಬೇಡ, ಕ್ರಮ ಬೇಕು ಎಂಬುದು ಆಗ ನನ್ನ ಸಿದ್ಧಾಂತ. ನಮ್ಮ ಮನೆಯಲ್ಲಿ ಹಣವಿರಲಿಲ್ಲ, ಕ್ರಮವಿತ್ತು. ಬೆಳಗ್ಗೆ ಎದ್ದೊಡನೆ ಬೇವಿನ ಕಡ್ಡಿ. ಅದು ಸಿಗದ ದಿನ ಉಪ್ಪು ಬೆರೆಸಿದ ಇದ್ದಿಲ ಪುಡಿ. ಕಡ್ಡಿಯನ್ನು ಎಸೆಯುವ ಮೊದಲು ಸೀಳಿ ನಾಲಗೆಯನ್ನು ಹೆರೆದುಕೊಳ್ಳಬೇಕು. ಶನಿವಾರ ನನಗೆ, ಶುಕ್ರವಾರ ನನ್ನ ಹೆಂಡತಿಗೆ ಎಣ್ಣೆಸ್ನಾನ. ನೆತ್ತಿಗೆ ಹರಳೆಣ್ಣೆ, ಮೈಗೆ ಕೊಬ್ಬರಿ ಎಣ್ಣೆ; ಎಣ್ಣೆ ಬಿಡಿಸಲು ಸೀಗೆಪುಡಿ, ಅದರೊಡನೆ ಎಲೆಯನ್ನು ಒಣಗಿಸಿ ಕುಟ್ಟಿದ ಒಂದು ಹಿಡಿ ಚಿಗರೆಪುಡಿ. ಸಾಬೂನು ನಮ್ಮ ಮನೆಗೆ ಬರುತ್ತಿದ್ದುದು ನೆಂಟರು ಬಂದಾಗ ಮಾತ್ರ. ನೆಂಟರು ಹೋದ ಮೇಲೆ ಉಳಿದ ಚೂರನ್ನು ನನ್ನ ಹೆಂಡತಿ ಒಣಗಿಸಿ, ಬಟ್ಟೆಯಲ್ಲಿ ಸುತ್ತಿ, ಸೀರೆಗಳ ನಡುವೆ ಇಡುತ್ತಿದ್ದಳು. ಅವಳ ಮುಖಕ್ಕೆ ಹೆಸರುಹಿಟ್ಟು ಮತ್ತು ಅರಿಶಿನ ಸಾಕಾಗಿದ್ದವು. ಕಣ್ಣಿನ ಕಾಡಿಗೆಯನ್ನು ಹರಳೆಣ್ಣೆಯ ದೀಪದ ಮೇಲೆ ಹಿತ್ತಾಳೆ ತಟ್ಟೆಯನ್ನು ಬೋರಲಾಗಿ ಹಿಡಿದು ತಾನೇ ಮಾಡಿಕೊಳ್ಳುತ್ತಿದ್ದಳು.

ನನಗಿದ್ದುದು ಒಂದು ಮುಚ್ಚುಗೋಟು, ಎರಡು ಪಂಚೆ, ಒಂದು ರುಮಾಲು. ಪಂಚೆಯನ್ನು ಅಗಸರು ಬಳಸುವ ಚೌಳುಮಣ್ಣಿನಲ್ಲಿ ನೆನೆಸಿ ಕಾಲುವೆಯಲ್ಲಿ ಒಗೆದು, ಅನ್ನದ ಗಂಜಿಗೆ ಚಿಟಿಕೆ ನೀಲಿ ಬೆರೆಸಿ ಅದ್ದಿ, ಒಣಗಿದ ಮೇಲೆ ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ ಅದರ ತಳದಿಂದ ಉಜ್ಜುತ್ತಿದ್ದೆ. ಇಸ್ತ್ರಿಪೆಟ್ಟಿಗೆ ಇದ್ದವರ ಪಂಚೆಗಿಂತ ನನ್ನ ಪಂಚೆಯ ಮಡಿಕೆ ನೆಟ್ಟಗಿರುತ್ತಿತ್ತು. ಬುಧವಾರ ಮತ್ತು ಭಾನುವಾರ ಊರಿನ ಕ್ಷೌರಿಕನು ಕತ್ತಿ, ಮಸೆಗಲ್ಲುಗಳ ಹಡಪವನ್ನು ಬಗಲಿಗೆ ಹಾಕಿಕೊಂಡು ನಮ್ಮ ಮನೆಯ ಜಗುಲಿಗೆ ಬರುತ್ತಿದ್ದನು. ಕ್ಷೌರವಾದ ಮೇಲೆ ಒದ್ದೆ ಪಟಿಕದ ತುಂಡನ್ನು ಕೆನ್ನೆಯ ಮೇಲೆ ಒಮ್ಮೆ ಎಳೆದು, ಸ್ನಾನ ಮಾಡಿ, ವಿಭೂತಿ ಧರಿಸಿದರೆ ಮುಖ ಸಿದ್ಧ. ಇಷ್ಟೇ.

ಈ ‘ಇಷ್ಟೇ’ ಎಂಬ ಮಾತೇ ನನ್ನನ್ನು ಕೆಡಿಸಿತು. ನಾನು ಇಷ್ಟರಲ್ಲಿ ಮಾಡಿಕೊಳ್ಳಬಲ್ಲೆನಾದರೆ ಯಾರು ಬೇಕಾದರೂ ಮಾಡಿಕೊಳ್ಳಬಲ್ಲರು; ಮಾಡಿಕೊಳ್ಳದವನು ಸೋಮಾರಿ. ಪ್ರತಿ ಸೋಮವಾರ ಪ್ರಾರ್ಥನೆಯಾದ ಮೇಲೆ ಮಕ್ಕಳ ಉಗುರು, ಹಲ್ಲು, ಕಿವಿಯ ಹಿಂಭಾಗಗಳನ್ನು ನಾನೇ ಪರೀಕ್ಷಿಸುತ್ತಿದ್ದೆ. ನಿಯಮವೆಂದರೆ ಎಲ್ಲರಿಗೂ ಒಂದೇ ಎಂದು, ಉಪಾಧ್ಯಾಯರ ವಿಷಯವನ್ನೂ ಶಾಲೆಯ ದಿನಚರಿ ಪುಸ್ತಕದಲ್ಲಿ ದಾಖಲಿಸುತ್ತಿದ್ದೆ. ಶಾಲೆಯಲ್ಲಿ ಇದ್ದವರು ಇಬ್ಬರೇ ಉಪಾಧ್ಯಾಯರು: ನಾನು, ಮತ್ತು ಆ ವರ್ಷ ಜೂನ್ ತಿಂಗಳಲ್ಲಿ ಬಂದ ಕಿರಿಯ ಉಪಾಧ್ಯಾಯರು.

ಅವರು ಅರಕಲಗೂಡಿನ ಕಡೆಯವರು. ಹಾಸನದಲ್ಲಿ ತರಬೇತಿ ಮುಗಿಸಿ ಬಂದಿದ್ದರು. ನೌಕರಿ ಇನ್ನೂ ತಾತ್ಕಾಲಿಕ. ಖಾಯಂ ಆಗುವುದು ಬಿಡುವುದು ನನ್ನ ವರದಿಯ ಮೇಲೆ ನಿಂತಿತ್ತು. ಸರ್ಕಾರದ ಕಾಗದಗಳು ಆದಿಕರ್ನಾಟಕ ಎಂದು ಕರೆಯುವ ಜನಾಂಗದವರಾದುದರಿಂದ ಊರೊಳಗೆ ಅವರಿಗೆ ಮನೆ ಸಿಕ್ಕಲಿಲ್ಲ. ಊರಾಚೆಯ ಕೇರಿಯಲ್ಲಿ ಬಂಧುಗಳ ಮನೆಯಲ್ಲಿ ಇಳಿದುಕೊಂಡಿದ್ದರು. ಬೆಳಗ್ಗೆ ಗದ್ದೆಯ ಬದುವಿನ ಮೇಲೆ ಮೊಣಕಾಲುದ್ದ ಎತ್ತಿ ಕಟ್ಟಿದ ಹಳೆಯ ಪಂಚೆಯಲ್ಲಿ ನಡೆದು ಬಂದು, ಕಾಲುವೆಯಲ್ಲಿ ಕೈಕಾಲು ತೊಳೆದು, ಹೊಂಗೆ ಮರದ ಮರೆಯಲ್ಲಿ ಗಂಟನ್ನು ಬಿಚ್ಚಿ ಬಿಳಿಯ ಪಂಚೆಯನ್ನು ಉಟ್ಟು ಶಾಲೆಗೆ ಬರುತ್ತಿದ್ದರು. ಅವರ ಉಗುರುಗಳು ನನ್ನ ಉಗುರುಗಳಿಗಿಂತ ಶುಚಿಯಾಗಿದ್ದವು. ಮಕ್ಕಳ ತಲೆಯ ಹೇನು ತೆಗೆಯಲು ಮರದ ಸೀರಣಿಗೆಯನ್ನು ತಮ್ಮ ಕೈಯಿಂದಲೇ ತಂದು ಶಾಲೆಯಲ್ಲಿ ಇಟ್ಟಿದ್ದರು. ನಾನು ಅವರನ್ನು ಆಗ ಏಕವಚನದಲ್ಲಿ ಕರೆಯುತ್ತಿದ್ದೆ. ಇಲ್ಲಿ ಬಹುವಚನದಲ್ಲಿ ಬರೆಯುತ್ತಿರುವುದು ಸೌಜನ್ಯವಲ್ಲ, ಬಾಕಿ ಉಳಿದಿದ್ದ ತಿದ್ದುಪಡಿ.

ಜುಲೈ ತಿಂಗಳ ಒಂದು ಸೋಮವಾರ ಅವರ ಮುಖದಲ್ಲಿ ನಾಲ್ಕು ದಿನದ ಗಡ್ಡವಿತ್ತು. ಅಲ್ಲಲ್ಲಿ ಕತ್ತಿ ತಾಗಿದ ಗಾಯ, ಕೀವುಗಟ್ಟಿದ ಗುಳ್ಳೆ.

“ಏನಯ್ಯಾ ಇದು?” ಎಂದು ಕೇಳಿದೆ.

“ಕತ್ತಿ ಮೊಂಡಾಗೈತೆ ಸಾ. ಮಸೆಯಾಕೆ ಕಲ್ಲಿಲ್ಲ. ಬ್ಲೇಡು ತರಾನ ಅಂತ ಹೊಳೆನರಸೀಪುರಕ್ಕೆ ಓಗಿದ್ದೆ. ಯುದ್ಧ ಅಂತ ಅಂಗ್ಡೀಲಿ ಒಂದೂ ಇಲ್ಲ.”

“ಜರ್ಮನಿಯ ಯುದ್ಧಕ್ಕೂ ನಿನ್ನ ಗಡ್ಡಕ್ಕೂ ಏನು ಸಂಬಂಧ? ಊರಲ್ಲಿ ಕ್ಷೌರಿಕನಿಲ್ಲವೇ?”

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ಆಮೇಲೆ ನಕ್ಕರು. “ಅವ್ನೆ ಸಾ. ಯಾಕಿಲ್ಲ” ಎಂದರು.

ಆ ನಗುವನ್ನು ನಾನು ಉದ್ಧಟತನವೆಂದು ಭಾವಿಸಿದೆ. ದಿನಚರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ‘ಮುಖಕ್ಷೌರವಿಲ್ಲ’ ಎಂದು ಷರಾ ಬರೆದೆ. ಆಗಸ್ಟಿನಲ್ಲಿ ಎರಡನೆಯದು. ಸೆಪ್ಟೆಂಬರಿನಲ್ಲಿ ಮೂರನೆಯದನ್ನು ಬರೆಯುವಾಗ ‘ಎಚ್ಚರಿಕೆ ನೀಡಿದಾಗ್ಯೂ’ ಎಂದು ಸೇರಿಸಿದೆ.

ನನಗೆ ಗೊತ್ತಿರಲಿಲ್ಲವೆಂದು ಬರೆದರೆ ಓದುಗರು ನನ್ನನ್ನು ಕ್ಷಮಿಸಿಬಿಡಬಹುದು, ಆದುದರಿಂದ ಬರೆಯುವುದಿಲ್ಲ. ನಾನು ಇದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವನು. ಊರಿನ ಕ್ಷೌರಿಕನು ಕೇರಿಯವರ ತಲೆಯನ್ನು ಮುಟ್ಟುವುದಿಲ್ಲವೆಂಬುದನ್ನು ಚಿಕ್ಕಂದಿನಿಂದ ಕಂಡವನು. ಗೊತ್ತಿದ್ದುದನ್ನು ನೆನಪಿಗೆ ತಂದುಕೊಳ್ಳುವ ತೊಂದರೆಯನ್ನು ನಾನು ತೆಗೆದುಕೊಳ್ಳಲಿಲ್ಲ. ಬಿಳಿಯ ಪಂಚೆಯುಟ್ಟು ಪಾಠ ಹೇಳುವವರು ಕೇವಲ ಉಪಾಧ್ಯಾಯರು, ನಿಯಮಕ್ಕೆ ಜಾತಿಯಿಲ್ಲ ಎಂದು ಹೆಮ್ಮೆಪಟ್ಟುಕೊಂಡು ಕುಳಿತಿದ್ದೆ. ನಿಯಮಕ್ಕೆ ಜಾತಿಯಿರಲಿಲ್ಲ, ಕತ್ತಿಗೆ ಇತ್ತು.

ಸೆಪ್ಟೆಂಬರಿನಲ್ಲಿ ತನಿಖೆಗೆ ಬಂದ ಶಾಲಾ ಇನ್‌ಸ್ಪೆಕ್ಟರವರು ದಿನಚರಿಯಿಂದ ಮೂರು ಷರಾಗಳನ್ನೂ ನಕಲು ಮಾಡಿಕೊಂಡು ಹೋದರು. ನವೆಂಬರ್ ತಿಂಗಳಲ್ಲಿ ಕಾಗದ ಬಂದಿತು: ಮುಖ್ಯೋಪಾಧ್ಯಾಯರ ಷರಾಗಳ ಮೇರೆಗೆ ಸದರಿ ಉಪಾಧ್ಯಾಯರನ್ನು ಖಾಯಂ ಮಾಡುವುದನ್ನು ತಡೆಹಿಡಿಯಲಾಗಿದೆ, ಮುಂದಿನ ತನಿಖೆಯಲ್ಲಿಯೂ ಇದೇ ಸ್ಥಿತಿ ಕಂಡುಬಂದರೆ ಮಾರ್ಚಿ ಅಂತ್ಯಕ್ಕೆ ಅವರ ಸೇವೆಯನ್ನು ಮುಗಿಸಲಾಗುವುದು.

ಆ ಕಾಗದವನ್ನು ಅವರ ಕೈಗೆ ಕೊಟ್ಟು ನಾನು ಉಪದೇಶವನ್ನೂ ಮಾಡಿದೆ. “ಓದಿದವನು ನೀನು. ವಾರಕ್ಕೆ ಎರಡು ಸಲ ಕ್ಷೌರ ಮಾಡಿಸಿಕೊಳ್ಳುವುದಕ್ಕೆ ಏನು ಕಷ್ಟ?”

ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡರು. ಈ ಸಲ ನಗಲಿಲ್ಲ. “ಬುಧವಾರ ನಿಮ್ಮ ಜಗ್ಲಿ ತಾವ ಬತ್ತೀನಿ ಸಾ. ನಿಮ್ದಾದ ಮ್ಯಾಲೆ ನಾನು ಕುಂತ್ಕತೀನಿ. ಏನು ಕಷ್ಟ ಅಂತ ನೀವೇ ನೋಡೀರಂತೆ.”

ಬುಧವಾರ, ನವೆಂಬರ್ ಇಪ್ಪತ್ತಾರು. ಕ್ಷೌರಿಕನು ನನ್ನ ಬಲಗೆನ್ನೆಯನ್ನು ಮುಗಿಸುತ್ತಿದ್ದಾಗ ಅವರು ಬಂದು ಅಂಗಳದಲ್ಲಿ ನಿಂತರು. ನನ್ನದು ಮುಗಿಯಿತು. ನಾನು ಮಣೆಯಿಂದೆದ್ದು, “ಇವರಿಗೂ ಮಾಡಪ್ಪಾ” ಎಂದೆ.

ಕ್ಷೌರಿಕನು ಕತ್ತಿಯನ್ನು ಒರೆಸಿ ಮಡಿಸಿದನು. ಬಟ್ಟಲ ನೀರನ್ನು ಚೆಲ್ಲಿದನು. ಹಡಪದ ದಾರವನ್ನು ಎಳೆದು ಬಿಗಿದನು. ಇಷ್ಟನ್ನೂ ಮಾಡುವವರೆಗೆ ತಲೆಯೆತ್ತಲಿಲ್ಲ.

“ಆಗಾಕಿಲ್ಲ ಸಾಮಿ.”

“ಯಾಕೆ ಆಗೋದಿಲ್ಲ? ಗಡ್ಡ ಎಲ್ಲರದೂ ಒಂದೇ ಅಲ್ಲವೇ?”

“ಗಡ್ಡ ಒಂದೇಯ. ನನ್ ಒಟ್ಟೇನೂ ಒಂದೇಯ ಸಾಮಿ. ಇನ್ನೊಂದ್ ತಿಂಗ್ಳಿಗೆ ಕಣ ಬತ್ತದೆ. ಇವ್ರಿಗೆ ಕತ್ತಿ ಇಟ್ಟೆ ಅಂದ್ರೆ, ಒಬ್ಬ್ನೂ ನಂಗೆ ಒಂದ್ ಮೊರ ಬತ್ತ ಅಳ್ಯಾಕಿಲ್ಲ. ನೀವ್ ಅಳೀತೀರಾ?” ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಹೊರಟುಹೋದನು. ಊರಿನವರು ವರ್ಷಕ್ಕೊಮ್ಮೆ ಕಣದಲ್ಲಿ ಕೊಡುವ ಧಾನ್ಯವೇ ಅವನ ಕೂಲಿ.

ಅಂಗಳದಲ್ಲಿ ನಿಂತಿದ್ದ ಅವರು, “ನೋಡುದ್ರಾ ಸಾ?” ಎಂದಷ್ಟೇ ಹೇಳಿ ಶಾಲೆಯ ಕಡೆಗೆ ನಡೆದರು.

ಒಳಬಾಗಿಲಿನಿಂದ ನನ್ನ ಹೆಂಡತಿಯ ದನಿ ಬಂದಿತು. “ನಿಮಗೆ ನಿಜವಾಗ್ಲೂ ಗೊತ್ತಿರ್ನಿಲ್ವಾ? ಆಷಾಢದಲ್ಲೇ ಇತ್ಲು ಬಾಗ್ಲಿಗೆ ಬಂದು ಒಂದು ಚೂರು ಪಟಿಕ ಇದ್ರೆ ಕೊಡಿ ತಾಯಿ ಅಂದ್ರು. ಕೆನ್ನೆ ತುಂಬ ಗಾಯ ಇತ್ತು. ಕೊಟ್ಟೆ.”

“ನನಗೇಕೆ ಹೇಳಲಿಲ್ಲ?”

“ಕಿವಿ ಹಿಂದ್ಗಡೆ ಕೊಳೆ ಎಲ್ಲಾ ಕಾಣೋರಿಗೆ ಕೆನ್ನೆ ಮ್ಯಾಲಿನ ಗಾಯ ಕಾಣಾಕಿಲ್ವಾ ಅಂದ್ಕಂಡೆ.”

ಅಂದು ನಾನು ಪಟೇಲರ ಮನೆಗೆ ಹೋದೆ. ಅವರು ಜಗುಲಿಯ ಮೇಲೆ ಅಡಕೆ ಕತ್ತರಿಸುತ್ತ ಕುಳಿತಿದ್ದರು. ನಾನು ವಿಷಯವನ್ನು ನಿರೂಪಿಸಿದೆ, ನೌಕರಿ ಹೋಗುವುದೆಂದೆ.

“ಗಡ್ಡ ತಾನೇ ಮೇಷ್ಟ್ರೇ? ಬೆಳ್ಕಳ್ಳಿ ಬುಡಿ. ಋಷಿಗಳೆಲ್ಲ ಕ್ಷೌರ ಮಾಡಿಸ್ಕಂಡು ತಪಸ್ಸು ಮಾಡುದ್ರಾ?” ಎಂದು ಅವರು ನಕ್ಕರು. ಪಕ್ಕದಲ್ಲಿದ್ದ ಇಬ್ಬರೂ ನಕ್ಕರು. “ಪಾಠ ಹೇಳ್ಕಂಡ್ ಇರ್ಲಿ. ನಾವೇನ್ ಬ್ಯಾಡ ಅಂದ್ವಾ? ಷರಾ ಬರೆದೋರು ನೀವು. ನಮ್ ಮನೆ ಬಾಗ್ಲಿಗೆ ಯಾಕ್ ಬಂದ್ರಿ?”

ಆ ಮನುಷ್ಯನ ಮೇಲೆ ನನಗಿರುವ ಕೋಪ ಇಂದಿಗೂ ಆರಿಲ್ಲ. ಆದರೆ ಷರಾ ಬರೆದವನು ನಾನೆಂಬ ಅವರ ಮಾತು ಅಂದೂ ನಿಜ, ಇಂದೂ ನಿಜ. ಅದೇ ಕೋಪವನ್ನು ಇನ್ನಷ್ಟು ಉರಿಸುತ್ತದೆ.

ಭಾನುವಾರ ಕ್ಷೌರಿಕನು ಬಂದಾಗ ಬೇಡವೆಂದು ಕಳುಹಿಸಿದೆ. ಸೋಮವಾರ ದಿನಚರಿ ಪುಸ್ತಕವನ್ನು ತೆರೆದು ನನ್ನ ಹೆಸರಿನ ಮುಂದೆ ‘ಮುಖಕ್ಷೌರವಿಲ್ಲ’ ಎಂದು ಬರೆದು ರುಜು ಮಾಡಿದೆ. ಮಂಗಳವಾರವೂ ಬರೆದೆ. ಶಾಲೆಯಿದ್ದ ಪ್ರತಿದಿನವೂ ಬರೆದೆ. ಒಂದು ವಾರವಾದ ಮೇಲೆ ಅದನ್ನು ಕಿರಿಯ ಉಪಾಧ್ಯಾಯರಿಗೆ ತೋರಿಸಿದೆ. ಅವರಿಗೆ ಸಂತೋಷವಾದೀತೆಂದು ಎಣಿಸಿದ್ದೆ.

“ನಿಮ್ ಗಡ್ಡದಿಂದ ನಂಗೇನ್ ಸಾ ಬತ್ತದೆ?” ಎಂದು ಅವರು ಸಿಡಿದರು. ಅವರು ದನಿಯೆತ್ತಿದುದನ್ನು ನಾನು ಕೇಳಿದ್ದು ಅದೇ ಮೊದಲು. “ನೀವು ಗಡ್ಡ ಬುಟ್ರೆ ನಿಮ್ಮ ಕೆಲ್ಸ ಓಗಲ್ಲ. ನಾನ್ ಬುಟ್ರೆ ಓಯ್ತದೆ. ಮೊದ್ಲು ಆ ಮೂರನ್ನ ತೆಗೀರಿ.”

“ದಾಖಲೆಯನ್ನು ಅಳಿಸುವ ಹಾಗಿಲ್ಲ.”

“ಅಳಿಸ್ಬ್ಯಾಡಿ. ಕೆಂಪು ಶಾಯೀಲಿ ಗೀಟು ಎಳೆದು, ಇದು ನನ್ ತಪ್ಪು ಅಂತ ಬರ್ದು ರುಜು ಮಾಡಿ. ಹುಡುಗ್ರ ಕಾಪಿ ಪುಸ್ತಕ ಅಂಗೇ ತಾನೇ ತಿದ್ದೋದು ನೀವು?”

ನಾನು ಅಲ್ಲಿಯೇ ಕುಳಿತು ಕೆಂಪು ಶಾಯಿಯಿಂದ ಮೂರು ಗೀಟುಗಳನ್ನು ಎಳೆದೆ. ಒಂದೊಂದರ ಪಕ್ಕದಲ್ಲಿಯೂ ‘ವಿಚಾರಿಸದೆ ಬರೆದುದು, ಬರೆದವನ ತಪ್ಪು’ ಎಂದು ಬರೆದು ರುಜು ಹಾಕಿದೆ. ಅವರು ಶಾಯಿ ಒಣಗುವವರೆಗೆ ಪಕ್ಕದಲ್ಲಿಯೇ ನಿಂತಿದ್ದು, ಆಮೇಲೆ ತರಗತಿಗೆ ಹೋದರು. ಅಷ್ಟಾದರೂ ಇನ್ನೊಂದು ತೊಡಕು ಉಳಿದೇ ಇತ್ತು: ತನಿಖೆಯ ದಿನ ಅವರ ಮುಖ ನುಣುಪಾಗಿರಬೇಕು, ಅವರ ಕತ್ತಿ ಮೊಂಡಾಗಿತ್ತು. ಗಾಜಿನ ಲೋಟದ ಒಳಬದಿಗೆ ಉಜ್ಜಿ ನೋಡಿದ್ದರು. ಹೊಳೆಯ ಕಲ್ಲಿಗೆ ಉಜ್ಜಿ ಅಂಚನ್ನೇ ಮುರಿದುಕೊಂಡಿದ್ದರು.

ಇತ್ತ ನನ್ನ ಗಡ್ಡ ಊರಿಗೆ ವಿನೋದವಾಯಿತು. ನಮ್ಮ ಕಡೆ ಹೆಂಡತಿ ಗರ್ಭಿಣಿಯಾಗಿದ್ದರೆ ಗಂಡ ಕ್ಷೌರ ಮಾಡಿಸಿಕೊಳ್ಳುವುದಿಲ್ಲ. ಕಾಲುವೆಯ ಬಳಿ ಹೆಂಗಸರು ನನ್ನ ಹೆಂಡತಿಯನ್ನು ಸುತ್ತುವರಿದು, “ಎಷ್ಟು ತಿಂಗ್ಳವ್ವಾ? ಒಟ್ಟೆ ಕಾಣಾಕಿಲ್ಲ, ಮೇಷ್ಟ್ರ ಗಡ್ಡ ಮಾತ್ರ ದಿನ ತುಂಬ್ಕಂಡಂಗೈತೆ!” ಎಂದರಂತೆ. ನಮಗೆ ಮದುವೆಯಾಗಿ ಏಳು ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಅವಳು ಕೊಡವನ್ನು ಅಡುಗೆಮನೆಯಲ್ಲಿ ಇಳಿಸಿ, ನನ್ನ ಮುಂದೆ ಬಂದು ನಿಂತು, “ಬೋಳಿಸ್ಕಬ್ಯಾಡಿ. ಅವರು ಇನ್ನೂ ಏನೇನ್ ಅಂತಾರೋ ಅನ್ಲಿ, ಕೇಳ್ಬುಡ್ತೀನಿ” ಎಂದಳು. ಮದುವೆಮನೆಯಲ್ಲಿ ನನ್ನ ಗಡ್ಡದ ಕಥೆಗೆ ನಕ್ಕವರು ಯಾರೂ ಈ ಮಾತನ್ನು ಕೇಳಿಲ್ಲ.

ಡಿಸೆಂಬರ್ ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ಕ್ಷೌರಿಕನು ಶಾಲೆಯ ಮುಂದೆ ಹಾದುಹೋಗುತ್ತ, ಹೊಂಗೆ ಮರದ ಕಟ್ಟೆಯ ಮೇಲೆ ಕುಳಿತು ಎಲೆಯಡಕೆ ಹಾಕಿಕೊಂಡನು. ಹಡಪವನ್ನು ಬಿಚ್ಚಿ ಏನನ್ನೋ ಹುಡುಕಿದಂತೆ ಮಾಡಿದನು. ಎದ್ದು ಹೊರಟಾಗ ಮಸೆಗಲ್ಲು ಕಟ್ಟೆಯ ಮೇಲೆಯೇ ಇತ್ತು. ನಾನು ಕೂಗಿದೆ: “ಏಯ್, ನಿನ್ನ ಕಲ್ಲು ಮರೆತೆ!”

ಅವನು ತಿರುಗಿ ನೋಡಲಿಲ್ಲ. “ಮುದ್ಕ ಸಾಮಿ, ಮರ್ವು ಜಾಸ್ತಿ. ಸುಗ್ಗಿ ಮುಗುದ್ ಮ್ಯಾಲೆ ಗ್ಯಾಪ್ನ ಬತ್ತದೆ” ಎಂದು ಹೇಳುತ್ತಲೇ ಹೋದನು. ನಾನು ಅದನ್ನೆತ್ತಿ ಅವನಿಗೆ ಕೊಟ್ಟುಬರಲು ಎರಡು ಹೆಜ್ಜೆ ಇಟ್ಟಿದ್ದೆ. ಕಿರಿಯ ಉಪಾಧ್ಯಾಯರು ನನ್ನ ತೋಳನ್ನು ಹಿಡಿದು ನಿಲ್ಲಿಸಿದರು. “ಸುಮ್ನಿರಿ ಸಾ. ನಿಮ್ಗೆ ಏನೂ ಗೊತ್ತಾಗಾಕಿಲ್ಲ.”

ಅಂದಿನಿಂದ ಅವರ ದಿನಚರಿ ಬದಲಾಯಿತು. ಬೆಳಗ್ಗೆ ಕಾಲುವೆಯಲ್ಲಿ ಕೈಕಾಲು ತೊಳೆದ ಮೇಲೆ ಕಲ್ಲಿಗೆ ಎರಡು ಹನಿ ಎಣ್ಣೆ ಬಿಟ್ಟು ಕತ್ತಿಯನ್ನು ಮಸೆದು, ಅದನ್ನು ಅತ್ತಿತ್ತ ಮಗುಚಿ ಅಂಗೈ ಮೇಲೆ ಸವರಿ, ನೀರಿನಲ್ಲಿ ಕಾಣುವ ಮುಖವನ್ನು ನೋಡಿಕೊಂಡು ಕ್ಷೌರ ಮಾಡಿಕೊಳ್ಳುತ್ತಿದ್ದರು. ನನ್ನ ಹೆಂಡತಿ ಒಂದು ಕನ್ನಡಿಯ ಚೂರನ್ನು ಕೊಟ್ಟಳು. ಅದನ್ನು ಮರದ ತೊಗಟೆಯ ಸಂದಿಯಲ್ಲಿ ಸಿಕ್ಕಿಸಿದರು. ಪಟಿಕ, ಆಮೇಲೆ ಒಂದು ಬೆರಳು ಕೊಬ್ಬರಿ ಎಣ್ಣೆ. ಸಂಕ್ರಾಂತಿ ಬರುವ ಹೊತ್ತಿಗೆ ಗುಳ್ಳೆಗಳು ಒಣಗಿ, ಅವರ ಕೆನ್ನೆ ಹಿತ್ತಾಳೆ ಚೊಂಬಿನ ಹಾಗೆ ನುಣುಪಾಯಿತು. ನನ್ನ ಗಡ್ಡ ಗದ್ದದಿಂದ ಕೆಳಗೆ ಇಳಿಯುತ್ತಿತ್ತು, ತುರಿಕೆ ಬೇರೆ. ಸೀಗೆಪುಡಿಯನ್ನು ಗಡ್ಡಕ್ಕೂ ಹಾಕಿ ತಿಕ್ಕಬೇಕಾಯಿತು. ಗಡ್ಡವನ್ನು ಶುಚಿಯಾಗಿಡುವುದು ಬೋಳಿಸುವುದಕ್ಕಿಂತ ಹೆಚ್ಚು ಶ್ರಮದ ಕೆಲಸವೆಂಬುದನ್ನು ಶುಚಿತ್ವದ ಪಾಠ ಹೇಳುವ ನಾನು ಆಗ ಕಲಿತೆ.

ಫೆಬ್ರವರಿ ಕೊನೆಯ ವಾರ ಇನ್‌ಸ್ಪೆಕ್ಟರವರು ಬಂದರು. ನನ್ನನ್ನು ನೋಡಿ, “ಮನೆಯಲ್ಲಿ ಏನಾದರೂ ಅಶುಭವಾಯಿತೇ?” ಎಂದು ಕೇಳಿದರು. ನಾನು ದಿನಚರಿಯನ್ನು ಮುಂದಿಟ್ಟೆ. ಮೂರು ಕೆಂಪು ಗೀಟುಗಳು, ನಂತರ ಪುಟದಿಂದ ಪುಟಕ್ಕೆ ನನ್ನ ಹೆಸರು, ನನ್ನದೇ ಕೈಬರಹದಲ್ಲಿ ನನ್ನದೇ ಷರಾ. ಅವರು ಪುಟಗಳನ್ನು ಮಗುಚಿ, ಕನ್ನಡಕ ತೆಗೆದು, ಸಮಜಾಯಿಷಿ ಕೇಳಿದರು. ನಾನು ಮೊದಲೇ ಬರೆದಿಟ್ಟಿದ್ದ ನಾಲ್ಕು ಹಾಳೆಗಳನ್ನು ಕೊಟ್ಟೆ.

ಅವರು ಮೊದಲ ಹಾಳೆಯ ಅರ್ಧವನ್ನು ಓದಿ ಹಿಂದಿರುಗಿಸಿದರು. “ಸಂಧಿ ಸಮಾಸಗಳೆಲ್ಲ ಚೆನ್ನಾಗಿವೆ. ಆದರೆ ಇಷ್ಟನ್ನು ಮೇಲೆ ಯಾರೂ ಓದುವುದಿಲ್ಲ. ಒಂದು ವಾಕ್ಯ ಸಾಕು.”

ನಾನು ಬರೆದೆ: ‘ಈ ಊರಿನ ಕ್ಷೌರಿಕನಿಂದ ಇವರಿಗೆ ಕ್ಷೌರ ದೊರೆಯದು, ಇದನ್ನು ಬಲ್ಲವನಾಗಿದ್ದೂ ನಾನು ವಿಚಾರಿಸದೆ ಇವರ ಮೇಲೆ ಷರಾ ಬರೆದೆ.’ ಎಷ್ಟೋ ವರ್ಷ ವಾಕ್ಯರಚನೆಯನ್ನು ಕಲಿಸಿದವನು ನಾನು. ಅಷ್ಟು ಕಷ್ಟಪಟ್ಟು ಇನ್ನಾವ ವಾಕ್ಯವನ್ನೂ ಬರೆದಿಲ್ಲ. ಇನ್‌ಸ್ಪೆಕ್ಟರವರು ಕಿರಿಯ ಉಪಾಧ್ಯಾಯರ ಭೂಗೋಳದ ಪಾಠವನ್ನು ಕೇಳಿ, ಅವರ ಮುಖವನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿ, ಬಸ್ಸಿನ ಹೊತ್ತಾಯಿತೆಂದು ಹೊರಟರು.

ಆದೇಶ ಅಂಚೆಯಲ್ಲಿ ಬಂದಾಗ ಮಧ್ಯಾಹ್ನದ ಬಿಡುವಾಗಿತ್ತು. ಅವರು ನಿಂತಲ್ಲಿಯೇ ಎರಡು ಸಲ ಓದಿದರು. ಖಾಯಂ ಎಂಬ ಪದದ ಮೇಲೆ ಬೆರಳಿಟ್ಟು ನನಗೂ ತೋರಿಸಿದರು. ಧನ್ಯವಾದ ಹೇಳಲಿಲ್ಲ, ಹೇಳಿದ್ದರೆ ನಾನು ತಲೆಯೆತ್ತಿ ನಿಲ್ಲುವುದಾಗುತ್ತಿರಲಿಲ್ಲ. ಅವರು ಗಂಟಿನಿಂದ ಕತ್ತಿಯನ್ನು ತೆಗೆದು, “ಬನ್ನಿ ಸಾ, ಕುಂತ್ಕಳಿ. ಒಂದನೇ ತರಗತಿ ಮಕ್ಳು ನಿಮ್ಮನ್ನ ನೋಡಿ ಬೆಚ್ಚಿಬೀಳ್ತವೆ” ಎಂದರು.

ನಾನು ಹೊಂಗೆ ಮರದ ಕಟ್ಟೆಯ ಮೇಲೆ, ರಸ್ತೆಗೆ ಎದುರಾಗಿ ಕುಳಿತೆ. ಅವರು ನೀರು ಹಚ್ಚಿ, ಗದ್ದವನ್ನು ಹಿಡಿದು, ಕತ್ತಿಯಿಟ್ಟರು. ಹೊಲದಿಂದ ಬರುತ್ತಿದ್ದವರು ನಿಂತು ನೋಡಿದರು. ಪಟೇಲರ ಗಾಡಿಯೂ ಒಂದು ಕ್ಷಣ ನಿಂತು ಮುಂದಕ್ಕೆ ಹೋಯಿತು. ಗಂಟಲ ಬಳಿ ಒಂದು ಕಡೆ ಕತ್ತಿ ತಾಗಿ ಉರಿಯಿತು.

“ತಡ್ಕಳಿ ಸಾ. ನನ್ ಕೆನ್ನೆ ಆರು ತಿಂಗ್ಳು ತಡ್ಕಂಡೈತೆ.”

ಊರು ಬದಲಾಗಲಿಲ್ಲ. ನಾವು ಆ ಊರಿನಲ್ಲಿದ್ದಷ್ಟು ಕಾಲ ಕ್ಷೌರಿಕನು ಅವರನ್ನು ಮುಟ್ಟಲಿಲ್ಲ. ಸುಗ್ಗಿ ಮುಗಿದರೂ ಅವನಿಗೆ ಮಸೆಗಲ್ಲಿನ ನೆನಪು ಬರಲಿಲ್ಲ. ನಾನೂ ಅವನನ್ನು ಮತ್ತೆ ಜಗುಲಿಗೆ ಕರೆಯಲಿಲ್ಲ. ನನ್ನ ಗಡ್ಡವನ್ನು ಕಿರಿಯ ಉಪಾಧ್ಯಾಯರೇ ತೆಗೆಯುತ್ತಿದ್ದರು, ಆಮೇಲೆ ಅವರಿಂದ ಕಲಿತು ನಾನೇ ತೆಗೆದುಕೊಂಡೆ. ದಿನಚರಿ ಪುಸ್ತಕದಲ್ಲಿ ಹೊಂಗೆ ಕಟ್ಟೆಯ ಮೇಲೆ ಕುಳಿತ ಆ ದಿನ ನನ್ನ ಹೆಸರಿನ ಮುಂದೆ ಷರಾ ಇಲ್ಲ, ತಾರೀಖು ಮಾತ್ರ ಇದೆ: ಸೋಮವಾರ, ೧೯೪೨ನೆಯ ಇಸವಿ ಮಾರ್ಚಿ ೯.